ಮಾವನ ಕೈಯಲ್ಲಿ ಅಳಿಯನ ನಿದ್ದೆ

ಡಿಪೋದಲ್ಲಿ ಅವನನ್ನು ಎಲ್ಲರೂ ಎಚ್ಚರಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರಾತ್ರಿ ಬಸ್ಸಿನ ಡ್ರೈವರ್ ಆಗಿ ಸೇರಿದ ಹೊಸತರಲ್ಲಿ ಚಹಾ ಅಂಗಡಿಯ ಮುಂದೆ ನಿಂತು, “ಸ್ಟೇರಿಂಗ್ ಹಿಡಿದ್ರೆ ನಾನು ರೆಪ್ಪೆ ಬಡಿಯೋದೂ ಇಲ್ಲ” ಎಂದು ಒಮ್ಮೆ ಕೊಚ್ಚಿಕೊಂಡಿದ್ದ. ಆ ಮಾತು ಆಮೇಲೆ ಅವನ ಬೆನ್ನು ಬಿಡಲಿಲ್ಲ. ಅಡ್ಡಹೆಸರಿಗೆ ತಕ್ಕ ಹಾಗೆ ಬದುಕುವುದು ಎಷ್ಟು ಕಷ್ಟ ಎಂಬುದು ಅದನ್ನು ಅಂಟಿಸಿಕೊಂಡವರಿಗೇ ಗೊತ್ತು.

ಬ್ಯಾಂಡುಗಳು ಬಂದ ದಿನ ಡಿಪೋ ಮ್ಯಾನೇಜರ್ ಬಸ್ ತೊಳೆಯುವ ಕಟ್ಟೆಯ ಮೇಲೆ ನಿಂತು, ರಟ್ಟಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು ಡ್ರೈವರುಗಳ ಕೈಗೆ ತಾವೇ ಕಟ್ಟಿದರು. ಕಪ್ಪು ರಬ್ಬರಿನ ಪಟ್ಟಿ, ನಡುವೆ ಉಗುರಿನಷ್ಟು ಅಗಲದ ಗಾಜು, ಅದರೊಳಗೊಂದು ಪುಟ್ಟ ದೀಪ.

“ಬಳೆ ತೊಡಿಸಿ ಮನೇಲಿ ಕೂರಿಸ್ತೀರಾ ಸಾರ್?” ಎಂದು ಹಿರಿಯ ಡ್ರೈವರೊಬ್ಬ ಕೇಳಿದ.

“ಕೂರೋದಲ್ಲ, ಮಲಗೋದು,” ಎಂದರು ಮ್ಯಾನೇಜರ್. “ಇದಕ್ಕೆ ಎರಡು ಕೆಲಸ. ಬಸ್ ಓಡಿಸುವಾಗ ತೂಕಡಿಕೆ ಬಂದ್ರೆ ನಾಡಿ ನೋಡಿ ಕಂಡುಹಿಡಿಯುತ್ತೆ, ಕೈ ಮೇಲೆ ಗುರ್ ಅಂತ ನಡುಗಿ ಎಬ್ಬಿಸುತ್ತೆ. ಮನೇಲಿ ಎಷ್ಟು ಹೊತ್ತು ಮಲಗಿದ್ರಿ, ಹೇಗೆ ಮಲಗಿದ್ರಿ ಅಂತ ನೋಡುತ್ತೆ. ಸಾಕಷ್ಟು ನಿದ್ದೆ ಆಗಿದ್ರೆ ಹಸಿರು ದೀಪ, ಬಸ್ ನಿಮ್ದು. ಕೆಂಪು ಬಂದ್ರೆ ಅವತ್ತು ಬಸ್ ಬೇರೆಯವರಿಗೆ. ಮೂರು ಸಲ ಕೆಂಪು ಬಂತೋ, ರಾತ್ರಿ ರೂಟೇ ಇಲ್ಲ.”

ಎಲ್ಲರೂ ಗೊಣಗಿದರು. ಎಚ್ಚರಪ್ಪ ಮಾತ್ರ ನಕ್ಕ. “ನನಗ್ಯಾಕೆ ಸಾರ್ ಇದು? ಮೀನಿಗೆ ಈಜು ಕಲಿಸಿದ ಹಾಗಾಯ್ತು,” ಎಂದ. ನಗುತ್ತಲೇ ಬ್ಯಾಂಡನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ. ಏಕೆಂದರೆ ಅವನು ಹಗಲು ನೆಟ್ಟಗೆ ಮಲಗುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಅದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅವನ ಮನೆಯಲ್ಲಿ ಅವನ ನಿದ್ದೆಗೆ ಇದ್ದ ಮರ್ಯಾದೆ ಅವನಿಗೇ ಇರಲಿಲ್ಲ. ಬೆಳಗ್ಗೆ ಡ್ಯೂಟಿಯಿಂದ ಬಂದು, ಸ್ನಾನ ಮಾಡಿ, ತಿಂಡಿ ತಿಂದು ಅವನು ಕೋಣೆಯ ಬಾಗಿಲು ಹಾಕಿಕೊಂಡನೆಂದರೆ ಇಡೀ ಮನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಹೆಂಡತಿ ಕರೆಗಂಟೆಯೊಳಗೆ ಬಟ್ಟೆ ತುರುಕಿದ್ದಳು. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿದ್ದಳು. ಕುಕ್ಕರ್ ಕೂಗುವ ಅಡುಗೆಯೆಲ್ಲ ಅವನು ಬರುವ ಮೊದಲೇ ಮುಗಿದಿರುತ್ತಿತ್ತು. ಶಾಲೆಯಿಂದ ಬಂದ ಮಗಳೂ ಮಗನೂ ತುದಿಗಾಲಲ್ಲಿ ನಡೆಯುತ್ತಿದ್ದರು, ಜಗಳವನ್ನು ಕೂಡ ಕೈಸನ್ನೆಯಲ್ಲೇ ಆಡುತ್ತಿದ್ದರು. ಮೇಲಿನ ಮನೆಯವರು ಗೋಡೆಗೊಂದು ಮೊಳೆ ಹೊಡೆಯಬೇಕಿದ್ದರೂ ಕೆಳಗಿಳಿದು ಬಂದು ಅವಳ ಅಪ್ಪಣೆ ಕೇಳಬೇಕಿತ್ತು. ಇನ್ನು ಹೆಂಡತಿಯ ಅಪ್ಪ, ಅಂದರೆ ಇವನ ಮಾವ, ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬೀದಿಯ ತಿರುವಿನವರೆಗೆ ಹೋಗಿ ಕೆಮ್ಮಿ ಬರುತ್ತಿದ್ದರು.

ಇಷ್ಟು ಮೌನದ ನಡುವೆ ಎಚ್ಚರಪ್ಪ ಮುಸುಕು ಹಾಕಿಕೊಂಡು ಫೋನಿನಲ್ಲಿ ಹಣ್ಣು ಜೋಡಿಸುವ ಆಟ ಆಡುತ್ತಿದ್ದ. ಮೂರು ಸೇಬು ಒಂದೇ ಸಾಲಿಗೆ ಬಂದರೆ ಒಡೆದುಹೋಗುವ ಆಟ, ಮಗ ಕಲಿಸಿಕೊಟ್ಟಿದ್ದು. ಮಗನಿಗೆ ಅದು ಬೇಜಾರಾಗಿ ಎಷ್ಟೋ ದಿನವಾಗಿತ್ತು. ಅಪ್ಪನಿಗೆ ಆಗಿರಲಿಲ್ಲ.

ಮೊದಮೊದಲು ಅವನೂ ಪಾಪ ಮಲಗಲು ನೋಡಿದ್ದ. ವರ್ಷಗಟ್ಟಲೆ ರಾತ್ರಿ ಎದ್ದ ಮೈಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದೇ ಕಲಸುಮೇಲೋಗರವಾಗಿತ್ತು. ಮಗ್ಗುಲು ಬದಲಿಸಿ ಬದಲಿಸಿ ಹಾಸಿಗೆ ಬಿಸಿಯಾಗುತ್ತಿತ್ತೇ ಹೊರತು ನಿದ್ದೆ ಹತ್ತುತ್ತಿರಲಿಲ್ಲ. ಇಷ್ಟು ಜನ ನನಗೋಸ್ಕರ ಉಸಿರು ಬಿಗಿಹಿಡಿದು ಕೂತಿದ್ದಾರಲ್ಲ, ಇನ್ನೂ ನಿದ್ದೆ ಬರುತ್ತಿಲ್ಲವಲ್ಲ ಎಂಬ ನಾಚಿಕೆಗೆ, ಬರಲಿದ್ದ ಅಷ್ಟಿಷ್ಟು ನಿದ್ದೆಯೂ ಓಡಿಹೋಗುತ್ತಿತ್ತು. ‘ನಿದ್ದೆ ಬರ್ತಿಲ್ಲ ಕಣೇ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಂಜೆ ಅವಳು ಕಾಫಿ ತಂದು, “ಚೆನ್ನಾಗಿ ನಿದ್ದೆ ಬಂತೇನ್ರೀ?” ಎಂದು ಅಷ್ಟು ಆಸೆಯಿಂದ ಕೇಳುವಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. “ಕುಂಭಕರ್ಣನ ಹಾಗೆ ಮಲಗಿದ್ದೆ,” ಎಂದುಬಿಟ್ಟ. ಮರುದಿನವೂ ಅದನ್ನೇ ಅಂದ. ಆಮೇಲೆ ಫೋನು ಕೈಗೆ ಬಂತು. ಕೊನೆಕೊನೆಗೆ ನಿದ್ದೆ ತಾನಾಗಿ ಬಂದ ದಿನವೂ, ಇನ್ನೊಂದು ಆಟ, ಇದೊಂದೇ ಆಟ ಎಂದು ಅದನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸತೊಡಗಿದ.

ಬ್ಯಾಂಡ್ ಕಟ್ಟಿಕೊಂಡ ಮೊದಲ ಸಂಜೆ ಕೆಂಪು ಬಂತು. ಎರಡನೆಯ ಸಂಜೆಯೂ ಕೆಂಪೇ. ಮನೆಯಲ್ಲಿ ಹೇಳಲಾಗದೆ ಎರಡು ರಾತ್ರಿಯೂ ಡಿಪೋದಲ್ಲೇ ಕೂತು ಬೆಳಗು ಮಾಡಿದ. ಡಿಪೋದಲ್ಲಿ ನಗುವೋ ನಗು. “ಎಚ್ಚರಪ್ಪ ಮನೇಲೂ ಎಚ್ಚರವಾಗೇ ಇರ್ತಾನೆ ಕಣ್ರೋ, ಮನೆಯೋರು ಪುಣ್ಯವಂತರು,” ಎಂದು ಆ ಹಿರಿಯ ಡ್ರೈವರ್ ಕಣ್ಣು ಹೊಡೆದ. ಎಚ್ಚರಪ್ಪನೂ ನಕ್ಕ, ನಗದೆ ಏನು ಮಾಡುತ್ತಾನೆ? ಆದರೆ ಮೂರನೆಯ ಕೆಂಪು ಬಂದರೆ ಹೆಸರಿನ ಜೊತೆಗೆ ರೂಟೂ ಹೋಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ನೀರು ಕುಡಿಯಲು ಹೊರಗೆ ಬಂದವನಿಗೆ ನಡುಮನೆಯ ಕುರ್ಚಿಯಲ್ಲಿ ಮಾವ ಕಂಡರು. ಬಾಯಿ ತೆರೆದು, ಕೈ ಇಳಿಬಿಟ್ಟು, ಗಾಢ ನಿದ್ದೆ. ದರ್ಜಿಯಾಗಿ ಜೀವಮಾನವಿಡೀ ಮಿಷನ್ ತುಳಿದು ಈಗ ಮಗಳ ಮನೆಯಲ್ಲಿ ಆರಾಮಾಗಿದ್ದ ಮಾವನಿಗೆ ನಿದ್ದೆ ಬೇಕೆಂದಾಗಲೂ ಬರುತ್ತಿತ್ತು, ಬೇಡವೆಂದಾಗಲೂ ಬರುತ್ತಿತ್ತು. ಪೇಪರ್ ಓದುತ್ತ ಬರುತ್ತಿತ್ತು, ಮೊಮ್ಮಗಳ ಗಣಿತ ನೋಡುತ್ತ ಬರುತ್ತಿತ್ತು, ಕೆಲವೊಮ್ಮೆ ತುತ್ತು ಬಾಯಲ್ಲಿರುವಾಗಲೇ ಬರುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ಆ ಮಧ್ಯಾಹ್ನ ಎಚ್ಚರಪ್ಪನಿಗೆ ತಮಾಷೆ ಕಾಣಲಿಲ್ಲ, ದಾರಿ ಕಂಡಿತು.

ಮೆಲ್ಲಗೆ ಎಬ್ಬಿಸಿದ. “ಮಾವ, ಇದನ್ನ ಕೈಗೆ ಕಟ್ಕೊಳ್ಳಿ.”

“ಏನಿದು ಅಳಿಯಂದ್ರೇ?”

“ಕಂಪನಿಯೋರು ಕೊಟ್ಟಿದ್ದು. ರಕ್ತ ಚೆನ್ನಾಗಿ ಓಡಾಡುತ್ತಂತೆ. ಡ್ಯೂಟಿಗೆ ನಾನು ಕಟ್ಕೋತೀನಿ, ಹಗಲು ಸುಮ್ನೆ ಬಿದ್ದಿರುತ್ತೆ. ನಿಮಗೆ ಕಾಲು ಜೋಮು ಹಿಡಿಯುತ್ತಲ್ಲ, ಅದಕ್ಕೆ ನಿಮಗಾಗ್ಲಿ ಅಂತ ಕೇಳ್ಕೊಂಡು ಬಂದೆ. ಮಲಗೋವಾಗ ಮಾತ್ರ ಸಾಕು.”

ಮಾವ ಬ್ಯಾಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಮುಖ ಮಗುವಿನ ಮುಖದ ಹಾಗೆ ಅರಳಿತು. “ನನಗೋಸ್ಕರ ಕೇಳಿದ್ರಾ?” ಎಂದರು. ಇವನು ಹೌದೆಂದು ತಲೆಯಾಡಿಸಿ ಕೋಣೆಗೆ ಹೋದ. ಆ ಸಂಜೆ ದೀಪ ಹಸಿರಾಯಿತು. ತನ್ನದಲ್ಲದ ನಿದ್ದೆಯನ್ನು ಕೈಗೆ ಕಟ್ಟಿಕೊಂಡು ಎಚ್ಚರಪ್ಪ ಬಸ್ಸು ಹತ್ತಿದ.

ಅಂದಿನಿಂದ ಅದೇ ವ್ಯವಸ್ಥೆ ನಡೆಯಿತು. ಬೆಳಗ್ಗೆ ಬಂದವನು ಬ್ಯಾಂಡ್ ಬಿಚ್ಚಿ ಮಾವನಿಗೆ ಕೊಡುತ್ತಿದ್ದ, ಸಂಜೆ ಮಾವ ಬಿಚ್ಚಿ ಅಳಿಯನಿಗೆ ಕೊಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವನೂ ಯಾರಿಗೂ ಕಾಣುತ್ತಿಲ್ಲವೆಂದುಕೊಂಡ. ಮಾವನೋ, ಅದನ್ನು ಕಟ್ಟಿಕೊಂಡೇ ಕ್ಷೌರದಂಗಡಿಗೆ ಹೋಗುತ್ತಿದ್ದರು. “ನಮ್ಮ ಅಳಿಯಂದ್ರು ಕಂಪನೀಲಿ ಜಗಳ ಆಡಿ ನನಗೆ ಅಂತ ತಂದಿದ್ದು,” ಎಂದು ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತವರಿಗೆಲ್ಲ ಕೈ ಎತ್ತಿ ತೋರಿಸುತ್ತಿದ್ದರು. ಕೇಳಿದ್ದು ಎಂಬುದು ಜಗಳ ಆಡಿದ್ದು ಎಂದಾಗಿ ಬೆಳೆದಿತ್ತು. ಒಂದು ದಿನ ಇವನು ಬ್ಯಾಂಡ್ ಕಟ್ಟಿಕೊಳ್ಳಲು ಹೋದರೆ ಒಳಭಾಗ ಮೆತ್ತಗಿತ್ತು. ರಬ್ಬರಿಗೆ ತೆಳ್ಳಗಿನ ಹತ್ತಿಬಟ್ಟೆಯ ಅಸ್ತರಿ ಹೊಲಿದು, ಗಾಜಿನ ಹಿಂದಿನ ಜಾಗಕ್ಕೆ ಕಾಜದ ಹಾಗೆ ತೂತು ಬಿಟ್ಟಿದ್ದರು.

“ರಬ್ಬರ್ ಉಜ್ಜಿ ನಿಮ್ಮ ಕೈ ಕೆಂಪಾಗಿತ್ತು, ನೋಡಿದ್ದೆ,” ಎಂದರು ಮಾವ. “ರಾತ್ರಿಯೆಲ್ಲ ಸ್ಟೇರಿಂಗ್ ತಿರುಗಿಸೋ ಕೈ ಅದು.”

ಹೆಂಡತಿ ಬಾಗಿಲ ಸಂದಿಯಿಂದ ಇಬ್ಬರನ್ನೂ ನೋಡಿ ನಗುತ್ತಿದ್ದಳು. ಎಚ್ಚರಪ್ಪ ಆ ನಗುವನ್ನು ಎದುರಿಸಲಾಗದೆ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಚಪ್ಪಲಿ ಕಾಲಲ್ಲೇ ಇತ್ತು.

ದಾರಿಯಲ್ಲಿ ಬ್ಯಾಂಡ್ ತನ್ನ ಇನ್ನೊಂದು ಕೆಲಸವನ್ನು ಮಾಡುತ್ತಿತ್ತು. ಅದಕ್ಕೆ ಮೋಸ ಗೊತ್ತಿರಲಿಲ್ಲ. ಇವನ ಕಣ್ಣು ಎಳೆಯತೊಡಗಿದ ಕೂಡಲೇ ಮಾವನ ಅಸ್ತರಿಯ ಮೂಲಕ ಗುರ್ ಎನ್ನುತ್ತಿತ್ತು. ಬಸ್ಸು ನಿಲ್ಲಿಸಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ, ಹಸಿಮೆಣಸಿನಕಾಯಿ ಕಚ್ಚುತ್ತಿದ್ದ, ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಿದ್ದ. “ಏನಣ್ಣ, ಬಳೆ ಇವತ್ತು ಜೋರಾಗಿ ಗಲಗಲ ಅಂತಿದೆ?” ಎಂದು ಕಂಡಕ್ಟರ್ ಕೇಳಿದರೆ, “ರಸ್ತೆ ಗುಂಡಿ ಕಣೋ, ಅದಕ್ಕೆ ನಡುಗುತ್ತೆ,” ಎನ್ನುತ್ತಿದ್ದ. ಹಿಂದೆ ಬಸ್ಸಿನ ತುಂಬ ಜನ ಅವನನ್ನು ನಂಬಿ ಬಾಯಿ ತೆರೆದು ಮಲಗಿರುತ್ತಿದ್ದರು. ಅವರ ಪೈಕಿ ಯಾರೂ ಕೈಗೆ ಏನನ್ನೂ ಕಟ್ಟಿಕೊಂಡಿರಲಿಲ್ಲ.

ಒಂದು ಸಂಜೆ ಹಸಿರು ದೀಪ ಹೊತ್ತು ಡಿಪೋಗೆ ಹೋದವನನ್ನು ಮ್ಯಾನೇಜರ್ ಬಸ್ಸಿನ ಹತ್ತಿರ ಹೋಗಲು ಬಿಡದೆ ಒಳಗೆ ಕರೆದರು. ಕಂಪನಿಯ ಡಾಕ್ಟರಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಬ್ಯಾಂಡು ದಾಖಲಿಸಿದ ಗೆರೆಗಳು ಏರಿ ಇಳಿದು ಓಡುತ್ತಿದ್ದವು.

“ಇದು ನಿಮ್ಮ ನಿದ್ದೆ,” ಎಂದರು ಡಾಕ್ಟರಮ್ಮ. “ಇಲ್ಲಿ ಉಸಿರು ಸರಿಯಾಗಿ ಹೋಗ್ತಾ ಬರ್ತಾ ಇದೆ. ಇಲ್ಲಿ ನೋಡಿ, ನಿಂತೇ ಹೋಯ್ತು. ಆಮೇಲೆ ಧಡಕ್ಕಂತ ಮತ್ತೆ ಶುರು. ಮಲಗಿದಷ್ಟು ಹೊತ್ತೂ ಇದೇ ಕಥೆ. ಗೊರಕೆ ಹೊಡೀತೀರಾ?”

“ಇಲ್ಲ... ಹೂಂ, ಸ್ವಲ್ಪ.”

“ಹಗಲೆಲ್ಲ ತೂಕಡಿಕೆ ಬರುತ್ತಾ? ಕೂತಲ್ಲೇ, ಊಟ ಮಾಡ್ತಾನೇ?”

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಮುಖವೊಂದು ಎಚ್ಚರಪ್ಪನ ಕಣ್ಣ ಮುಂದೆ ಬಂತು.

“ಇದಕ್ಕೆ ನಿದ್ದೆ ಅನ್ನೋಕಾಗಲ್ಲ. ಹೃದಯದ ತಾಳ ಬೇರೆ ತಪ್ತಾ ಇದೆ. ಹೀಗೇ ಬಿಟ್ರೆ ಒಂದು ದಿನ ಮಲಗಿದೋರು ಏಳೋದೇ ಇಲ್ಲ. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದೀನಿ.”

ಅವನ ಮನಸ್ಸಿನಲ್ಲಿ ಮೊಟ್ಟಮೊದಲು ಬಂದ ಮಾತು ಇದು: ಸದ್ಯ, ನಾನಲ್ಲ. ಅದು ಬಂದದ್ದು ಒಂದು ಕ್ಷಣ ಮಾತ್ರ, ಆದರೆ ಬಂದಿತ್ತು. ಮರುಕ್ಷಣ ತನ್ನ ಬಗ್ಗೆ ತನಗೇ ಎಂಥ ಅಸಹ್ಯವಾಯಿತೆಂದರೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆಗಲೇ ಹೇಳಬಹುದಿತ್ತು. ಆದರೆ ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು, ಬಾಗಿಲ ಹೊರಗೆ ಡ್ರೈವರುಗಳು ಕಿವಿ ನಿಮಿರಿಸಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವನ ಮಾನ ಸೇಬಿಗೆ, ಅದೂ ಫೋನಿನೊಳಗಿನ ಸೇಬಿಗೆ ಹೋಗುವುದರಲ್ಲಿತ್ತು. ಸುಮ್ಮನೆ ತಲೆ ತಗ್ಗಿಸಿದ. ಬರುವ ವಾರ ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ, ಅಲ್ಲಿಯವರೆಗೆ ಬಸ್ಸಿಲ್ಲ, ಬರುವಾಗ ಮನೆಯವರನ್ನು ಕರೆದುಕೊಂಡು ಬರಬೇಕು ಎಂದು ಕಳಿಸಿದರು.

ಅವನು ಮನೆ ಮುಟ್ಟುವ ಮೊದಲೇ ಮ್ಯಾನೇಜರ್ ಫೋನ್ ಮಾಡಿ ಹೆಂಡತಿಗೆ ಹೇಳಿಬಿಟ್ಟಿದ್ದರು: ನಿಮ್ಮ ಯಜಮಾನರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ, ಡಾಕ್ಟರ್ ನೋಡಿದ್ದಾರೆ, ಹುಷಾರು ಎಂದು. ಅದು ಹೇಗೆ ಗೊತ್ತಾಯಿತೆಂದು ಅವರೂ ಹೇಳಲಿಲ್ಲ, ಅವಳಿಗೂ ಕೇಳಲು ತೋಚಲಿಲ್ಲ. ಬಾಗಿಲಲ್ಲೇ ಅವನ ತೋಳು ಹಿಡಿದುಕೊಂಡು ಅತ್ತಳು. “ನಾನು ಪಕ್ಕದಲ್ಲೇ ಇದ್ದೂ ನನಗೆ ಗೊತ್ತಾಗಲಿಲ್ಲವಲ್ರೀ. ಬಾಗಿಲು ಹಾಕಿ ಹಾಕಿ ನಿಮ್ಮನ್ನ ಒಬ್ಬರನ್ನೇ ಮಲಗಿಸಿದ್ನಲ್ಲ,” ಎಂದಳು. ತಪ್ಪು ತನ್ನದೆಂದು ಅವಳು ಅಳುತ್ತಿದ್ದಳು. ಇವನು ಅವಳ ತಲೆಯ ಮೇಲೆ ಕೈಯಿಟ್ಟು, ಏನೂ ಆಗಲ್ಲ ಬಿಡು ಎಂದ. ಅಷ್ಟು ಹೊಲಸಾದ ಸಮಾಧಾನವನ್ನು ಅವನು ಹಿಂದೆಂದೂ ಯಾರಿಗೂ ಹೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆದು ನೋಡಿದ. “ಮಾವ, ನೀವೂ ಒಂದ್ಸಲ ತೋರಿಸ್ಕೊಳ್ಳಿ. ವಯಸ್ಸಾಯ್ತಲ್ಲ.”

“ನನಗೇನು ಧಾಡಿ?” ಮಾವ ನಕ್ಕರು. “ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋ ಮೈ ಇದು. ನೀವು ತಂದ ಪಟ್ಟಿ ಬೇರೆ ಇದೆ. ಮೊದಲು ನಿಮ್ಮದು ನೋಡ್ಕೊಳ್ಳಿ ಅಳಿಯಂದ್ರೇ. ಹಗಲು ನೀವು ಮಲಗಿ, ನಾನು ಪಕ್ಕದಲ್ಲಿ ಕೂತು ಕಾಯ್ತೀನಿ. ಉಸಿರು ನಿಂತ್ರೆ ತಟ್ಟಿ ಎಬ್ಬಿಸ್ತೀನಿ. ಇಷ್ಟಕ್ಕೂ ಆಗದಿದ್ರೆ ನಾನಿದ್ದು ಏನು ಪ್ರಯೋಜನ?”

ಬೇಡವೆಂದರೂ ಕೇಳಲಿಲ್ಲ. ಮರುದಿನ ತಿಂಡಿಯಾದ ಮೇಲೆ ಮಾವ ತಮ್ಮ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಅಳಿಯನ ಮಂಚದ ಪಕ್ಕ ಹಾಕಿಕೊಂಡರು. ಎಚ್ಚರಪ್ಪ ಕಣ್ಣು ಮುಚ್ಚಿ ಮಲಗಿದ. ಫೋನು ದಿಂಬಿನ ಕೆಳಗೆ ಕಲ್ಲಿನಂತೆ ಒತ್ತುತ್ತಿತ್ತು. ನಿದ್ದೆಯ ನಟನೆ ಮಾಡುವವನಿಗೆ ಉಸಿರು ಹೇಗೆ ಬಿಡಬೇಕೆಂಬುದೇ ಮರೆತುಹೋಗುತ್ತದೆ. ಇವನು ಸ್ವಲ್ಪ ನಿಧಾನಿಸಿದರೆ ಸಾಕು, ಮಾವನ ಒರಟು ಬೆರಳುಗಳು ಮೂಗಿನ ಹತ್ತಿರ ಬಂದು ಗಾಳಿ ಆಡುತ್ತಿದೆಯೇ ಎಂದು ನೋಡಿ ಹಿಂದಕ್ಕೆ ಹೋಗುತ್ತಿದ್ದವು. ಒಮ್ಮೆ ಹೊದಿಕೆ ಸರಿಪಡಿಸಿದರು. ಒಮ್ಮೆ ನೊಣ ಓಡಿಸಿದರು. ಹೊಡೆದಿದ್ದರೆ ಸಹಿಸಬಹುದಿತ್ತು, ಇದನ್ನು ಸಹಿಸುವುದು ಹೇಗೆ?

ಮಾವ ತಮ್ಮ ಮಧ್ಯಾಹ್ನದ ನಿದ್ದೆ ಬಿಟ್ಟು ಕೂತಿದ್ದರು. ಆದರೆ ಎಷ್ಟು ಹೊತ್ತು ತಡೆದಾರು? ಮೊದಲು ಕುರ್ಚಿ ಕಿರುಗುಟ್ಟಿತು, ಆಮೇಲೆ ಗೊರಕೆ ಶುರುವಾಯಿತು. ಎಚ್ಚರಪ್ಪ ಕಣ್ಣು ತೆರೆದು ಮಗ್ಗುಲಾದ. ಮಾವನ ಗದ್ದ ಎದೆಗೆ ಬಿದ್ದಿತ್ತು. ಗೊರಕೆ ಏರಿತು, ಇನ್ನೂ ಏರಿತು, ತಟ್ಟನೆ ನಿಂತಿತು. ಎದೆ ಅಲುಗಲಿಲ್ಲ. ಇವನು ಕಾದ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದ. ತುಟಿಯ ಅಂಚು ಕಪ್ಪಾಯಿತು. ಪರದೆಯ ಮೇಲೆ ಕಂಡ ನೆಟ್ಟನೆಯ ಗೆರೆ ಇಲ್ಲಿ ಅವನ ಮುಂದೆ ಕುರ್ಚಿಯಲ್ಲಿ ಕೂತಿತ್ತು.

“ಮಾವ!” ಎಂದು ಕಿರುಚಿ ಎರಡೂ ಭುಜ ಹಿಡಿದು ಅಲುಗಿಸಿದ.

ಮಾವ ಬಾವಿಯಿಂದ ಮೇಲೆ ಬಂದವರಂತೆ ಗಾಳಿ ಎಳೆದುಕೊಂಡು ಎದ್ದರು. “ಏನಾಯ್ತು? ಉಸಿರು ನಿಂತುಹೋಯ್ತಾ? ಅಯ್ಯೋ, ಕಣ್ಣು ಹತ್ತಿಬಿಡ್ತಲ್ಲ, ತಪ್ಪಾಯ್ತು ಅಳಿಯಂದ್ರೇ...”

“ನನ್ನದಲ್ಲ ಮಾವ. ನಿಮ್ಮದು. ನಿಲ್ಲೋದು ನಿಮ್ಮ ಉಸಿರು.” ಮಂಚದ ಅಂಚಿನಲ್ಲಿ ಕೂತು, ಅವರ ಮುಖ ನೋಡಲಾಗದೆ ಅವರ ಕೈಯಲ್ಲಿದ್ದ ಬ್ಯಾಂಡನ್ನೇ ನೋಡುತ್ತ, ಎಲ್ಲವನ್ನೂ ಹೇಳಿದ. ಕೆಂಪು ದೀಪ, ಹಸಿರು ದೀಪ, ಫೋನು, ಸೇಬು. ಹೇಳುತ್ತ ಹೋದಂತೆ ಅದು ಇನ್ನಷ್ಟು ಸಣ್ಣ ವಿಷಯವಾಗಿ, ಇನ್ನಷ್ಟು ನಾಚಿಕೆಗೇಡಾಗಿ ಕಾಣುತ್ತ ಹೋಯಿತು. ದೊಡ್ಡ ಪಾಪ ಮಾಡಿದವನಿಗೆ ಅಳಲಾದರೂ ಮುಖವಿರುತ್ತದೆ.

ಮಾವ ತಾವೇ ಹಾಕಿದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಹಾಗಾದ್ರೆ ಇದು ನನಗೋಸ್ಕರ ಕೇಳಿ ತಂದಿದ್ದಲ್ಲ,” ಎಂದರು.

ಸಾಯುವ ಮಾತನ್ನು ಅವರು ಎತ್ತಲೇ ಇಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದರು: “ಮಗಳಿಗೆ ಹೇಳ್ಬೇಡಿ. ಅವಳು ತಡ್ಕೊಳ್ಳಲ್ಲ. ಪರೀಕ್ಷೆ ದಿನ ನಾನೂ ಬರ್ತೀನಿ, ನನಗೂ ಹಾಗೇ ಆಗುತ್ತೆ, ನೋಡಿ ಅಂತೀನಿ. ನಿಮ್ಮದು ಚೆನ್ನಾಗಿದೆ ಅಂತ ಬರುತ್ತೆ. ಯಂತ್ರಾನೇ ತಪ್ಪಿರಬೇಕು ಅಂತ ಅವರು ಸುಮ್ನಾಗ್ತಾರೆ. ನಿಮ್ಮ ಬಸ್ ನಿಮಗೆ, ನನ್ನ ಔಷಧಿ ನನಗೆ.” ಅಷ್ಟು ಹೇಳಿ ಕುರ್ಚಿ ಎತ್ತಿಕೊಂಡು ಹೊರಗೆ ಹೋದರು. ಇವನು ಸರಿ ಎಂದ. ಸರಿ ಎನ್ನುವುದು ಎಷ್ಟು ಸುಲಭವಾಗಿತ್ತೆಂದರೆ ಆಮೇಲೆ ಅದಕ್ಕೂ ನಾಚಿಕೊಂಡ.

ಪರೀಕ್ಷೆಯ ದಿನ ಮೂವರೂ ಆಸ್ಪತ್ರೆಗೆ ಹೋದರು. ರಾತ್ರಿ ಪಾಳಿಯವರಿಗೆಂದು ಹಗಲೇ ಪರೀಕ್ಷೆ. ಒಂದೇ ಕೋಣೆ, ಎರಡು ಮಂಚ, ನಡುವೆ ಪರದೆ. ಮಾವ ತಮ್ಮ ತೊಂದರೆ ಹೇಳಿಕೊಂಡು ನರ್ಸನ್ನು ಒಪ್ಪಿಸಿ ಪಕ್ಕದ ಮಂಚ ಗಿಟ್ಟಿಸಿಕೊಂಡರು. ಇಬ್ಬರ ತಲೆಗೂ ಎದೆಗೂ ವೈರು ಅಂಟಿಸಿದರು, ಎಚ್ಚರಪ್ಪನ ಫೋನನ್ನು ತೆಗೆದಿಟ್ಟರು. ಹೊರಗೆ ಯಾರೋ ಸ್ಟ್ರೆಚರ್ ತಳ್ಳುತ್ತಿದ್ದರು, ನರ್ಸುಗಳು ಜೋರಾಗಿ ನಗುತ್ತಿದ್ದರು, ಫ್ಯಾನು ಕಟಕಟ ಎನ್ನುತ್ತಿತ್ತು. ಅಲ್ಲಿ ಅವನಿಗಾಗಿ ಯಾರೂ ಸುಮ್ಮನಿರಲಿಲ್ಲ. ತಲೆ ದಿಂಬಿಗೆ ತಾಗಿದ್ದಷ್ಟೇ ಗೊತ್ತು. ತಿಂಗಳುಗಳ ಮೇಲೆ ಮೊದಲ ಸಲ ಎಚ್ಚರಪ್ಪ ಸತ್ತವನಂತೆ ಮಲಗಿದ.

ಎದ್ದಾಗ ಮಾವನ ಮಂಚದ ಸುತ್ತ ಗಡಿಬಿಡಿ ಕಂಡಿತು. ಮೂಗಿಗೆ ಗಾಳಿಯ ಮುಖವಾಡ ಕಟ್ಟಿದ್ದರು. ಆಮೇಲೆ ಡಾಕ್ಟರಮ್ಮ ಮೂವರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿದರು. “ಇವರನ್ನ ಇವತ್ತೇ ದಾಖಲು ಮಾಡ್ಬೇಕು,” ಎಂದು ಮಾವನನ್ನು ತೋರಿಸಿದರು. “ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ನಾನೇನೂ ಮಾಡೋಕಾಗ್ತಿರಲಿಲ್ಲ. ಮನೇಲಿ ಇದನ್ನ ಗಮನಿಸಿದ್ದು ಯಾರು?”

“ಇನ್ಯಾರು, ನನ್ನ ಅಳಿಯಂದ್ರು,” ಎಂದರು ಮಾವ. ಮುಖವಾಡದ ಗುರುತು ಇನ್ನೂ ಅವರ ಕೆನ್ನೆಯ ಮೇಲಿತ್ತು. “ರಾತ್ರಿಯೆಲ್ಲ ದುಡಿದು ಬಂದು, ತಾವು ಮಲಗದೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನನ್ನನ್ನ ಕಾದ್ರು. ಹೆತ್ತ ಮಗ ಇದ್ದಿದ್ರೂ ಇಷ್ಟು ನೋಡ್ತಿರಲಿಲ್ಲ.”

ಹೇಳುವಾಗ ಅವರು ಅಳಿಯನ ಕಡೆ ನೋಡಲಿಲ್ಲ. ಹೆಂಡತಿ ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಹಾಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು.

“ನಿಮ್ಮ ನಿದ್ದೆ ಮಾತ್ರ ಎಳೆಮಗೂದು ಇದ್ದ ಹಾಗಿದೆ,” ಎಂದರು ಡಾಕ್ಟರಮ್ಮ ಅವನಿಗೆ. “ಹಿಂದಿನ ಗೆರೆಗಳು ಯಾಕೆ ಹಾಗೆ ಬಂದವೋ, ಬ್ಯಾಂಡೇ ಕೆಟ್ಟಿರಬೇಕು. ಬದಲಾಯಿಸೋಕೆ ಹೇಳ್ತೀನಿ. ಇವತ್ತಿಂದಲೇ ಬಸ್ ತಗೋಬಹುದು.” ಪೆನ್ನು ತೆಗೆದು ಬರೆಯತೊಡಗಿದರು.

ಎಲ್ಲವೂ ಮಾವ ಹೇಳಿದ ಹಾಗೇ ಆಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬಸ್ಸು, ಹೆಸರು, ಹೆಂಡತಿಯ ಕೈ, ಮೂರೂ ಉಳಿಯುತ್ತಿದ್ದವು. ಇವತ್ತು ನಿದ್ದೆಯಾಗಿದೆ, ನಾಳೆ? ನಾಡಿದ್ದು? ಮತ್ತೆ ಆ ಕೋಣೆ, ಆ ಮೌನ, ಆ ಫೋನು, ಹಿಂದೆ ಬಾಯಿ ತೆರೆದು ಮಲಗಿದ ಬಸ್ಸು. ಅವಳ ಕೈ ಬಿಸಿಯಾಗಿತ್ತು. ಅದು ತನ್ನ ಕೈ ಹಿಡಿದದ್ದಲ್ಲ, ಇಲ್ಲದ ಯಾವನೋ ಒಬ್ಬ ಒಳ್ಳೆಯವನ ಕೈ ಹಿಡಿದದ್ದು ಎಂದು ಅವನಿಗೆ ಅನಿಸಿತು.

“ನಾನು ಕಾಯಲಿಲ್ಲ ಡಾಕ್ಟ್ರೇ,” ಎಂದ. “ಅವರನ್ನ ನೋಡ್ತಿದ್ದದ್ದು ಬ್ಯಾಂಡು. ನಾನು ಫೋನ್ ನೋಡ್ತಿದ್ದೆ. ಬ್ಯಾಂಡ್ ಕೆಟ್ಟಿಲ್ಲ, ನನ್ನ ಬದಲಿಗೆ ಅವರಿಗೆ ಕಟ್ಟಿ ಮಲಗಿಸ್ತಿದ್ದೆ. ಬಸ್ ಓಡಿಸಿದ್ದು ನಿದ್ದೆ ಇಲ್ಲದೇನೇ.”

ಡಾಕ್ಟರಮ್ಮನ ಪೆನ್ನು ನಿಂತಿತು. ಬರೆದದ್ದನ್ನು ಹರಿದು ಬುಟ್ಟಿಗೆ ಹಾಕಿದರು. “ಇದನ್ನ ಡಿಪೋಗೆ ಹೇಳಲೇಬೇಕಾಗುತ್ತೆ,” ಎಂದರು. “ಹೇಳಿ,” ಎಂದ. ಮಾವ ತಲೆ ತಗ್ಗಿಸಿ, “ಸುಮ್ನಿರಬಾರದಿತ್ತಾ,” ಎಂದು ಗೊಣಗಿದರು. ಹೆಂಡತಿಯ ಕೈ ಯಾವಾಗ ಬಿಟ್ಟುಹೋಯಿತೋ ಅವನಿಗೆ ಗೊತ್ತಾಗಲಿಲ್ಲ.

ನರ್ಸು ಮಾವನನ್ನು ವಾರ್ಡಿಗೆ ಕರೆದೊಯ್ದಳು. ಗಂಡ ಹೆಂಡತಿ ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ಕೂತರು. ಅವಳು ಬೈಯಲಿ ಎಂದು ಅವನು ಕಾದ. ಫೋನಿನ ವಿಷಯ ಕೇಳುತ್ತಾಳೆ, ಕಾಲುಚೀಲ ತೊಡಿಸಿದ ಕುರ್ಚಿಗಳ ವಿಷಯ ಎತ್ತುತ್ತಾಳೆ, ಅಪ್ಪನಿಗೆ ಮೋಸ ಮಾಡಿದ್ದಕ್ಕೆ ಛೀಮಾರಿ ಹಾಕುತ್ತಾಳೆ ಎಂದುಕೊಂಡ. ಎಲ್ಲದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡ. ಅವಳು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

“ಹೋದ ತಿಂಗಳು ಮಕ್ಕಳು ನಮ್ಮಕ್ಕನ ಮನೆಯಿಂದ ನಿಮ್ಮ ಬಸ್ಸಲ್ಲೇ ಬಂದ್ರು,” ಎಂದಳು. “ಬೆಳಗಿನ ಜಾವ ಬಸ್ಸು ರಸ್ತೆ ಬಿಟ್ಟು ಪಕ್ಕಕ್ಕೆ ಎಳೀತಂತೆ. ನೀವು ಬ್ರೇಕ್ ಹಾಕಿ, ನಾಯಿ ಅಡ್ಡ ಬಂತು ಅಂದ್ರಂತೆ. ಅಪ್ಪ ನಾಯಿ ಉಳಿಸಿದ್ರು ಅಂತ ಮಗ ಇಡೀ ಶಾಲೆಗೆ ಹೇಳ್ಕೊಂಡು ಬಂದಿದಾನೆ.”

ಅವನು ಕಣ್ಣು ಮುಚ್ಚಿದ.

“ನಾಯಿ ಇತ್ತೇನ್ರೀ?”

“ಇರಲಿಲ್ಲ,” ಎಂದ.